18ನೇ ರೆಜಿಮೆಂಟ್ ಅಂದಿರಿ, ಮೊದಲಿನ 17 ಎಲ್ಲಿ?

ನಮಸ್ಕಾರ. 1812ರ ಲಿಥುವೇನಿಯಾದ ಕಾಲಾಳು ಪಡೆಯ ಬಗ್ಗೆ ನೀವು ಕಳಿಸಿದ ಕತೆ ಓದಿದೆ. ಹೊರಟ ಮಗನ ಚೀಲಕ್ಕೆ ತಾಯಿ ಕಪ್ಪು ರೊಟ್ಟಿ ಇಡುವ ಭಾಗ ಚೆನ್ನಾಗಿದೆ. ಆದರೆ ಎರಡು ಸಾಲು ರಾತ್ರಿಯಿಡೀ ನನ್ನನ್ನು ಕಾಡಿದವು.

'ಲಿಥುವೇನಿಯಾದ 18ನೇ ರೆಜಿಮೆಂಟ್ ವಿಲ್ನಿಯಸ್‌ನಲ್ಲಿ ಎದ್ದು ನಿಂತಿತು.' ಯಾಕೆ 18? ಓದುಗರು ಕೇಳಿಯೇ ಕೇಳುತ್ತಾರೆ. ಮೊದಲಿನ 17, ನೆಪೋಲಿಯನ್ ಪೋಲೆಂಡಿನ ನೆಲದಲ್ಲಿ ಕಟ್ಟಿದ್ದ ವಾರ್ಸಾ ಡಚಿ ಅನ್ನೋ ರಾಜ್ಯದ ಪೋಲಿಷ್ ಸೇನೆಯವು. ಲಿಥುವೇನಿಯಾ ಆಗ ರಷ್ಯಾದ ಕೈಲಿತ್ತು. ರಷ್ಯಾ ಮೇಲೆ ದಂಡೆತ್ತಿ ಹೊರಟ ನೆಪೋಲಿಯನ್ ಜೂನ್ 28ಕ್ಕೆ ವಿಲ್ನಿಯಸ್‌ಗೆ ಬಂದ. ಜುಲೈನಲ್ಲಿ ಐದು ಕಾಲಾಳು ರೆಜಿಮೆಂಟ್ ಕಟ್ಟಲು ಶುರುಮಾಡಿದರು. ಪೋಲಿಷ್ ಲೆಕ್ಕವನ್ನೇ ಮುಂದುವರಿಸಿ 18ರಿಂದ 22ರವರೆಗೆ ನಂಬರ್ ಕೊಟ್ಟರು. ನಿಮ್ಮ ಹುಡುಗ ಯಾರ ಸೇನೆಗೆ ಸೇರಿದ ಅನ್ನೋದು ಆ ನಂಬರಿನಲ್ಲೇ ಇದೆ, ಅಲ್ವಾ?

'ಸ್ವಾತಂತ್ರ್ಯದ ಕಿಡಿ ಹೊತ್ತು ರೈತರು ಧುಮುಕಿದರು.' ಇಲ್ಲಿ ನನಗೆ ಸಿಟ್ಟೇ ಬಂತು. ಯಾವ ಸ್ವಾತಂತ್ರ್ಯ? ವಾರ್ಸಾ ಡಚಿಯಲ್ಲಿ 1807ರಲ್ಲೇ ಜೀತ ರದ್ದಾಗಿತ್ತು. ಲಿಥುವೇನಿಯಾದಲ್ಲಿ ಆಗಲಿಲ್ಲ. ನೆಪೋಲಿಯನ್ ಬಂದ ಅಂತ ರೈತರು ಆಸೆಪಟ್ಟರು. ಅವನು ನೇಮಿಸಿದ ಆಡಳಿತ ಸಮಿತಿ, ಸುಮ್ನೆ ಜಮೀನ್ದಾರರ ಕೆಲಸ ಮುಂದುವರಿಸಿ ಅಂದಿತು. ಅದೇ ಹಳ್ಳಿಗಳಿಂದ ಹುಡುಗರನ್ನು ಲೆಕ್ಕ ಹಾಕಿ ಎಳೆದುಕೊಂಡರು. ನಂಬರ್ ವಾರ್ಸಾದಿಂದ ಬಂತು, ಬಿಡುಗಡೆ ಬರಲಿಲ್ಲ. ನಿಮ್ಮ ಕತೆ ಇರೋದು ಇಲ್ಲಿ. 'ಕಿಡಿ' ಅಂತ ಬರೆದು ನೀವು ಅದನ್ನು ದಾಟಿಬಿಟ್ಟಿದ್ದೀರಿ.

ನಾನೂ ಹೀಗೇ ಬರೆಯುತ್ತಿದ್ದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೆರೆ ಒಡೆದ ಸುದ್ದಿಗೆ 'ಊರಿಗೆ ಊರೇ ಕಣ್ಣೀರಲ್ಲಿ ಮುಳುಗಿತು' ಅಂತ ಬರೆದು ಕೊಟ್ಟೆ. ನಮ್ಮ ಹಿರಿಯ ಸಂಪಾದಕರು ಓದಿ, "ಕೆರೆ ಒಡೆದಾಗ ಹಗಲೋ ರಾತ್ರಿಯೋ?" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಮತ್ತೆ ಬಸ್ ಹತ್ತಿಸಿದರು. ಆ ಊರಿನ ಅಜ್ಜಿಯೊಬ್ಬರು, ಕತ್ತಲಲ್ಲಿ ಎಮ್ಮೆಯ ಹಗ್ಗ ಬಿಚ್ಚೋಕೆ ಆಗಲಿಲ್ಲ, ಕುಡುಗೋಲಿಂದ ಕೊಯ್ದೆ ಅಂದರು. ಆ ಹಗ್ಗದ ತುಂಡು ಇನ್ನೂ ಗೂಟದಲ್ಲೇ ಇತ್ತು. ಇವತ್ತಿಗೂ ಬರೆಯಲು ಕೂತಾಗ ಅದು ಕಣ್ಣಿಗೆ ಬರುತ್ತದೆ.

ನಿಮಗೂ ಅಂಥದ್ದೊಂದು ಇದೆ. 2001ರಲ್ಲಿ ವಿಲ್ನಿಯಸ್‌ನಲ್ಲಿ ನೆಲ ಅಗೆಯುವಾಗ, ರಷ್ಯಾದಿಂದ ಸೋತು ಮರಳುವಾಗ 1812ರ ಚಳಿಗಾಲದಲ್ಲಿ ಸತ್ತ ನೆಪೋಲಿಯನ್ ಸೇನೆಯ 3000ಕ್ಕೂ ಜಾಸ್ತಿ ಜನರ ಎಲುಬುಗಳು ಸಿಕ್ಕವು. ಹೆಸರು ಗೊತ್ತಾಗಲಿಲ್ಲ. ಯಾವ ಯಾವ ರೆಜಿಮೆಂಟಿನವರು ಅಲ್ಲಿದ್ದರು ಅನ್ನೋದನ್ನು ಸಮವಸ್ತ್ರದ ಗುಂಡಿಗಳ ಮೇಲಿನ ನಂಬರ್ ಹೇಳಿತು.

ರೊಟ್ಟಿಯ ಭಾಗ ಮುಟ್ಟಬೇಡಿ. ಅವನಿಗೆ ಆ ಅಂಗಿ ತೊಡಿಸುವಲ್ಲಿಂದ ಮತ್ತೆ ಬರೆದು ಕಳಿಸಿ. ಕಾಯುತ್ತೇನೆ.