ಓಪನ್‌ಹೈಮರ್ ಅಂದರೆ ಯಾವ ಊರಿನವರು?

ಪ್ರಶ್ನೆ: ನನ್ನ ಮಗ ಜರ್ಮನಿಯಲ್ಲಿ ಕೆಲಸದಲ್ಲಿದ್ದಾನೆ. ಅವನ ಆಫೀಸಿನಲ್ಲಿ ಓಪನ್‌ಹೈಮರ್ ಅನ್ನುವ ಅಡ್ಡಹೆಸರಿನವರೊಬ್ಬರು ಇದ್ದಾರಂತೆ. ಅಣುಬಾಂಬಿನ ವಿಜ್ಞಾನಿಯ ಸಂಬಂಧಿಕರಿರಬಹುದಾ? ಇದು ಜರ್ಮನ್ನರ ಹೆಸರೋ, ಯಹೂದಿಗಳದೋ?
— ಓದುಗರೊಬ್ಬರು, ಧಾರವಾಡ

ಉತ್ತರ: ಬೆಳಗಾವಿಯಿಂದ ಬಂದ ಮನೆತನಕ್ಕೆ ನಿಮ್ಮ ಕಡೆ ಬೆಳಗಾಂವಕರ್ ಅನ್ನುತ್ತಾರೆ, ಅಲ್ವಾ? ಅಲ್ಲಿ ‘ಕರ್’ ಮಾಡುವ ಕೆಲಸವನ್ನೇ ಜರ್ಮನ್‌ನಲ್ಲಿ ಕೊನೆಯ ‘ಎರ್’ ಮಾಡುತ್ತದೆ. ಓಪನ್‌ಹೈಮ್ ರೈನ್ ನದಿಯ ಎಡದಂಡೆಯ ಸಣ್ಣ ಊರು, ಮೈಂಟ್ಸ್‌ಗೂ ವೋರ್ಮ್ಸ್‌ಗೂ ನಡುವೆ ಇದೆ, ಸುತ್ತ ದ್ರಾಕ್ಷಿ ತೋಟಗಳು. ಓಪನ್‌ಹೈಮರ್ ಅಂದರೆ ಓಪನ್‌ಹೈಮಿನವರು.

ಇಂಥ ಹೆಸರು ಅಂಟಿಕೊಳ್ಳುವುದು ಊರು ಬಿಟ್ಟ ಮೇಲೆ. ಧಾರವಾಡದಲ್ಲೇ ಇರುವವರನ್ನು ಯಾರಾದರೂ ‘ಧಾರವಾಡದವರು’ ಅಂತ ಗುರುತು ಹಿಡಿಯುತ್ತಾರಾ? ಓಪನ್‌ಹೈಮ್ ಬಿಟ್ಟು ಫ್ರಾಂಕ್‌ಫರ್ಟಿಗೋ ಹೈಡೆಲ್‌ಬರ್ಗಿಗೋ ಹೋದ ಯಹೂದಿ ಕುಟುಂಬಗಳನ್ನು ಅಲ್ಲಿನವರು ಹೀಗೆ ಕರೆದರು. ಬೇರೆ ಯಹೂದಿ ಅಡ್ಡಹೆಸರುಗಳೂ ಹೀಗೇ ಬಂದಿವೆ: ಶಪಿರೋ ಹೆಸರಿನ ಹಿಂದೆ ಸ್ಪೈಯರ್ ಊರಿದೆ, ಗಿನ್ಸ್‌ಬರ್ಗ್ ಹಿಂದೆ ಗ್ಯುಂಟ್ಸ್‌ಬುರ್ಗ್ ಇದೆ.

ಓಪನ್‌ಹೈಮರ್ ಹೆಸರಿನವರಲ್ಲಿ ನನಗೆ ತುಂಬಾ ಕಾಡುವವರು ಸ್ಯಾಮ್ಯುಯೆಲ್ ಓಪನ್‌ಹೈಮರ್. 1630ರಲ್ಲಿ ಹುಟ್ಟಿ ವಿಯೆನ್ನಾದಲ್ಲಿ ಚಕ್ರವರ್ತಿ ಲಿಯೋಪೋಲ್ಡನಿಗೆ ಸಾಲ ಕೊಟ್ಟವರು, ತುರ್ಕರ ಮೇಲಿನ ಯುದ್ಧಗಳಲ್ಲಿ ಅವನ ಸೈನ್ಯಕ್ಕೆ ದವಸಧಾನ್ಯ, ಮದ್ದುಗುಂಡು ಒದಗಿಸಿದವರು. 1703ರಲ್ಲಿ ಅವರು ತೀರಿಕೊಂಡಾಗ ಸರ್ಕಾರ ಅವರ ಬಾಕಿ ಕೊಡಲು ಒಪ್ಪಲೇ ಇಲ್ಲ. ಇಡೀ ವ್ಯವಹಾರ ದಿವಾಳಿಯಾಯಿತು. ಅಷ್ಟು ದುಡಿಸಿಕೊಂಡು ಹೀಗೆ ಕೈ ಎತ್ತಿದ್ದು ದೊಡ್ಡ ಅನ್ಯಾಯ. ಅವರ ಸಹೋದರನ ಮಗ ಡೇವಿಡ್ ಪ್ರಾಗ್‌ನಲ್ಲಿ ಯಹೂದಿ ಧರ್ಮಗುರು, ಹೆಸರಿಗೆ ‘ಎರ್’ ಇಲ್ಲದೆ ಬರೀ ಓಪನ್‌ಹೈಮ್. ಅವರು ಕೂಡಿಸಿಟ್ಟ ಸಾವಿರಾರು ಹೀಬ್ರೂ ಪುಸ್ತಕಗಳು ಈಗ ಆಕ್ಸ್‌ಫರ್ಡಿನಲ್ಲಿವೆ.

ಹಾಗಂತ ಎಲ್ಲರಿಗೂ ಹಳೇ ಕಾಲದಿಂದಲೇ ಅಡ್ಡಹೆಸರು ಇತ್ತು ಅಂದುಕೊಳ್ಳಬೇಡಿ. ಬಹಳಷ್ಟು ಯಹೂದಿಗಳು ‘ಇಂಥವರ ಮಗ ಇಂಥವನು’ ಅಂತಲೇ ಬದುಕುತ್ತಿದ್ದರು. ಆಸ್ಟ್ರಿಯಾ 1787ರಲ್ಲಿ, ಪ್ರಶ್ಯಾ 1812ರಲ್ಲಿ ಖಾಯಂ ಅಡ್ಡಹೆಸರು ಇಟ್ಟುಕೊಳ್ಳಲೇಬೇಕು ಅಂತ ಕಾನೂನು ಮಾಡಿದವು. ಒಂದೇ ಊರಿನ ಹೆಸರು ರಕ್ತಸಂಬಂಧವೇ ಇಲ್ಲದ ಮನೆಗಳಿಗೂ ಬಂದಿರಬಹುದು. ಹಾಗಾಗಿ ನಿಮ್ಮ ಮಗನ ಸಹೋದ್ಯೋಗಿ ವಿಜ್ಞಾನಿಯ ಸಂಬಂಧಿ ಅಂತ ಹೆಸರು ನೋಡಿ ಹೇಳೋಕಾಗಲ್ಲ. ವಿಜ್ಞಾನಿ ರಾಬರ್ಟ್ ಹುಟ್ಟಿದ್ದು 1904ರಲ್ಲಿ, ನ್ಯೂಯಾರ್ಕಿನಲ್ಲಿ. ಅವರ ತಂದೆ 1888ರಲ್ಲಿ ಹಾನಾವ್ ಊರಿನಿಂದ ಅಮೆರಿಕಕ್ಕೆ ಹೋದವರು. ದಕ್ಷಿಣ ಆಫ್ರಿಕಾದ ಚಿನ್ನ, ವಜ್ರದ ಗಣಿಗಳ ಅರ್ನೆಸ್ಟ್ ಓಪನ್‌ಹೈಮರ್ ಫ್ರೀಡ್‌ಬರ್ಗಿನವರು. ಇಸ್ರೇಲಿನಲ್ಲೂ ಈ ಹೆಸರು ಸಿಗುತ್ತದೆ.

ಜರ್ಮನ್ನರದೋ ಯಹೂದಿಗಳದೋ ಅಂತ ಕೇಳಿದ್ದೀರಿ. ಹೆಸರಿನ ಭಾಷೆ ಜರ್ಮನ್, ಇಟ್ಟುಕೊಂಡವರಲ್ಲಿ ಯಹೂದಿಗಳೇ ಜಾಸ್ತಿ. ಆದರೆ ಊರ ಹೆಸರು ಕ್ರೈಸ್ತರಿಗೂ ಬರುತ್ತದೆ, ಶ್ವಾರ್ಟ್ಸ್, ಕ್ಲೈನ್ ಥರದ ಹೆಸರುಗಳಂತೂ ಎರಡೂ ಕಡೆ ಧಾರಾಳ. ಅಡ್ಡಹೆಸರು ನೋಡಿ ಯಾರು ಯಹೂದಿ ಅಂತ ಹೇಳಲು ನಾಜಿಗಳಿಗೂ ಆಗುತ್ತಿರಲಿಲ್ಲ. 1938ರ ಆಗಸ್ಟಿನಲ್ಲಿ ಅವರು ಒಂದು ಆದೇಶ ತಂದರು: ತಾವು ಮಾಡಿದ ಯಹೂದಿ ಹೆಸರುಗಳ ಪಟ್ಟಿಯಲ್ಲಿ ಯಾರ ಮೊದಲ ಹೆಸರು (ಅಡ್ಡಹೆಸರಲ್ಲ) ಇಲ್ಲವೋ ಅಂಥ ಪ್ರತಿ ಯಹೂದಿ ಗಂಡಸೂ ತನ್ನ ಹೆಸರಿನ ಜೊತೆ ‘ಇಸ್ರಾಯೇಲ್’, ಹೆಂಗಸು ‘ಸಾರಾ’ ಅಂತ ಸೇರಿಸಿಕೊಳ್ಳಬೇಕು. ಆಗಿನ ಗುರುತಿನ ಚೀಟಿಗಳಲ್ಲಿ ಆ ಹೆಸರುಗಳು ಇವತ್ತಿಗೂ ಕಾಣುತ್ತವೆ.