40 ಡಿಗ್ರಿ ಬಿಸಿಲಲ್ಲಿ ರೋಬೋಟ್‌ಗೆ ಬಣ್ಣ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ಲಾಸ್ಟಿಕ್ ರೋಬೋಟ್ ಕಿಟ್ ಜೋಡಿಸುವವರ ಪತ್ರಗಳು ಈ ಸಲ ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯಿಂದಲೇ ಜಾಸ್ತಿ ಬಂದಿವೆ. ಎಲ್ಲರ ಗೋಳೂ ಹೆಚ್ಚುಕಡಿಮೆ ಒಂದೇ: ಬಿಸಿಲು, ಧೂಳು, ಥಿನ್ನರ್.

ಪ್ರಶ್ನೆ: ಗಂಡಮ್ (ಜಪಾನಿನ ಕಾರ್ಟೂನ್ ರೋಬೋಟ್) ಕಿಟ್ ಜೋಡಿಸಿ, ಕೊನೆಗೆ ಮ್ಯಾಟ್ ಟಾಪ್‌ಕೋಟ್ (ಹೊಳಪು ತಗ್ಗಿಸುವ ಮೇಲಿನ ಲೇಪ) ಸ್ಪ್ರೇ ಹೊಡೆದೆ. ಮೈಯೆಲ್ಲ ತರಿ ತರಿ ಆಗಿದೆ, ಮುಟ್ಟಿದರೆ ಸ್ಯಾಂಡ್ ಪೇಪರ್ ಮುಟ್ಟಿದ ಹಾಗೆ. ಏಪ್ರಿಲ್‌ನಲ್ಲಿ, ಮಧ್ಯಾಹ್ನ, ಮಾಳಿಗೆ ಮೇಲೆ ಹೊಡೆದಿದ್ದು. ಡಬ್ಬಿ ಹಳೇದಿತ್ತಾ?
(ಬಳ್ಳಾರಿಯ ಓದುಗರು)

ಉತ್ತರ: ಡಬ್ಬಿ ಚೆನ್ನಾಗೇ ಇರಬೇಕು. ನೀವು ಆರಿಸಿಕೊಂಡ ಹೊತ್ತು ಸರಿಯಿಲ್ಲ. ಸ್ಪ್ರೇ ಅಂದರೆ ಸಣ್ಣ ಸಣ್ಣ ಹನಿಗಳು. ಅವು ಪ್ಲಾಸ್ಟಿಕ್ ಮೇಲೆ ಒದ್ದೆಯಾಗಿ ಬಿದ್ದು, ಸ್ವಲ್ಪ ಹರಡಿಕೊಂಡು, ಆಮೇಲೆ ಒಣಗಬೇಕು. ನಮ್ಮ ಕಡೆ ಮಧ್ಯಾಹ್ನದ ಒಣ ಬಿಸಿಲಲ್ಲಿ ಅವು ಗಾಳಿಯಲ್ಲೇ ಒಣಗಿ ಪುಡಿಯಾಗಿ ಬಂದು ಕೂರುತ್ತವೆ. ಡಬ್ಬಿ ಮೇಲೆ 20ರಿಂದ 30 ಸೆಂ.ಮೀ. ದೂರದಿಂದ ಹೊಡೆಯಿರಿ ಅಂತ ಬರೆದಿರುತ್ತೆ. ಬೇಸಿಗೆಯಲ್ಲಿ ಆ 30ನ್ನು ಮರೆತುಬಿಡಿ, 20ರ ಹತ್ತಿರವೇ ಇರಿ. ಬೆಳಿಗ್ಗೆ ಬಿಸಿಲೇರೋಕೆ ಮುಂಚೆ ಕೆಲಸ ಮುಗಿಸಿ. ಆ ಹೊತ್ತಲ್ಲಿ ಗಾಳಿಯೂ ಕಡಿಮೆ, ಧೂಳೂ ಕಡಿಮೆ. ಡಬ್ಬಿಯನ್ನು ಒಂದೆರಡು ನಿಮಿಷ ಚೆನ್ನಾಗಿ ಅಲ್ಲಾಡಿಸಿ, ಭಾಗದ ಪಕ್ಕದ ಖಾಲಿ ಜಾಗದಿಂದ ಶುರು ಮಾಡಿ, ಭಾಗದ ಮೇಲೆ ಹಾಯಿಸಿ, ಆಚೆ ಕಡೆ ಹೋಗಿ ಬೆರಳು ಬಿಡಿ. ಒಂದೇ ಸಲಕ್ಕೆ ದಪ್ಪಗೆ ಬೇಡ, ತೆಳ್ಳಗೆ ಎರಡು ಮೂರು ಸಲ.

ಈಗ ಆಗಿರೋದಕ್ಕೆ, 1500 ಅಥವಾ 2000 ನಂಬರಿನ ಸ್ಯಾಂಡ್ ಪೇಪರ್ ನೀರಲ್ಲಿ ಅದ್ದಿ, ಒತ್ತದೆ ಹಗುರವಾಗಿ ಉಜ್ಜಿ, ಒಣಗಿಸಿ, ಮತ್ತೆ ಹೊಡೆಯಿರಿ. ಸ್ಟಿಕ್ಕರ್, ಡೀಕಲ್ (ತೆಳು ಅಂಟು ಚಿತ್ರ) ಇರುವ ಕಡೆ ಮಾತ್ರ ಉಜ್ಜಬೇಡಿ.

ಇನ್ನೊಂದು ಮಾತು. ಜಪಾನಿನ ಸ್ಪ್ರೇ ಡಬ್ಬಿಗಳ ಮೇಲೆ 40 ಡಿಗ್ರಿ ದಾಟುವ ಜಾಗದಲ್ಲಿ ಇಡಬೇಡಿ ಅಂತ ಎಚ್ಚರಿಕೆ ಇರುತ್ತೆ. ಅವರಿಗೇನೋ ಅದು ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಮಾತು, ನಮಗೆ ಮೇ ತಿಂಗಳ ಮಾಮೂಲಿ ಮಧ್ಯಾಹ್ನ! ಡಬ್ಬಿಯನ್ನು ಪತ್ರಾಸ್ ಕೋಣೆಯಲ್ಲಿ, ಬೈಕ್ ಡಿಕ್ಕಿಯಲ್ಲಿ, ಕಿಟಕಿ ಹತ್ತಿರ ಇಡಲೇಬೇಡಿ. ಮನೆಯಲ್ಲಿ ಅತಿ ತಣ್ಣಗಿರುವ ಮೂಲೆ ಯಾವುದೋ ಅಲ್ಲಿಡಿ.

ಪ್ರಶ್ನೆ: ಬಣ್ಣ ಹಚ್ಚಲೇಬೇಕಾ ಸರ್? ಏರ್‌ಬ್ರಷ್ (ಗಾಳಿಯಿಂದ ಬಣ್ಣ ಚಿಮ್ಮಿಸುವ ಪೆನ್ನಿನಂಥ ಸಾಧನ), ಕಂಪ್ರೆಸರ್ ರೇಟು ನೋಡಿ ಸುಮ್ನೆ ಕೂತಿದ್ದೇನೆ.
(ಸಿಂಧನೂರಿನ ಕಾಲೇಜು ವಿದ್ಯಾರ್ಥಿ)

ಉತ್ತರ: ಹಚ್ಚಲೇಬೇಕು ಅಂತೇನಿಲ್ಲ. 1980ರ ಜುಲೈನಲ್ಲಿ ಬಂಡಾಯ್ ಕಂಪನಿಯ ಮೊದಲ ಗಂಡಮ್ ಕಿಟ್ 300 ಯೆನ್‌ಗೆ ಬಂದಾಗ ಅಂಟೂ ಬೇಕಿತ್ತು, ಬಣ್ಣವೂ ಬೇಕಿತ್ತು. ಈಗಿನವು ಬಣ್ಣದ ಪ್ಲಾಸ್ಟಿಕ್‌ನಲ್ಲೇ ಬರುತ್ತವೆ, ಒತ್ತಿದರೆ ಕೂರುತ್ತವೆ. ನನ್ನ ಕೇಳಿದರೆ ಮೊದಲ ಕಿಟ್‌ಗೆ ಮೂರು ಕೆಲಸ ಸಾಕು: ಕತ್ತರಿಸಿದ ಗುರುತು ಅಳಿಸೋದು, ಭಾಗಗಳ ಮೇಲಿನ ಸಣ್ಣ ತೋಡಿನ ಗೆರೆಗಳಿಗೆ ಬಣ್ಣ ತುಂಬೋದು, ಮ್ಯಾಟ್ ಹೊಡೆಯೋದು. ಇಷ್ಟು ಮಾಡಿದ ಕಿಟ್, ಅವಸರದಲ್ಲಿ ಏರ್‌ಬ್ರಷ್ ಮಾಡಿದ ಕಿಟ್‌ಗಿಂತ ಚೆನ್ನಾಗಿ ಕಾಣುತ್ತೆ.

ಕತ್ತರಿಸುವಾಗ ಎರಡು ಸಲ ಕತ್ತರಿಸಿ. ಮೊದಲು ಎರಡು ಮೂರು ಮಿ.ಮೀ. ಬಿಟ್ಟು ಭಾಗವನ್ನು ಅದು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟಿನಿಂದ ಬಿಡಿಸಿಕೊಳ್ಳಿ, ಆಮೇಲೆ ಉಳಿದ ತುಂಡನ್ನು ನಿಧಾನಕ್ಕೆ ತೆಗೆಯಿರಿ. ಒಂದೇ ಏಟಿಗೆ ಕತ್ತರಿಸಿದರೆ ಪ್ಲಾಸ್ಟಿಕ್ ಎಳೆದಾಡಿ ಅಲ್ಲಿ ಬಿಳಿ ಕಲೆ ಬೀಳುತ್ತೆ, ನೀಲಿ ಕೆಂಪು ಭಾಗಗಳಲ್ಲಂತೂ ಕಣ್ಣಿಗೆ ಹೊಡೆಯುತ್ತೆ. ಉಜ್ಜುವಾಗ ಸ್ಯಾಂಡ್ ಪೇಪರ್ ನಂಬರು 400, 600, 800, 1000 ಹೀಗೆ ಒರಟಿನಿಂದ ನಯಕ್ಕೆ ಹತ್ತಿಕೊಂಡು ಹೋಗಿ. 400ರಿಂದ ನೇರ 1000ಕ್ಕೆ ಹಾರಿದರೆ ಗೀರು ಉಳಿಯುತ್ತೆ. ಗೆರೆಗೆ ಎಲ್ಲ ಕಡೆ ಕಪ್ಪು ಬಳಿಯಬೇಡಿ, ಬಿಳಿ ಭಾಗಕ್ಕೆ ಬೂದು, ಕೆಂಪು ಹಳದಿಗೆ ಕಂದು. ಹಣ ಉಳಿದರೆ ಒಳ್ಳೆಯ ನಿಪ್ಪರ್ (ಭಾಗ ಕತ್ತರಿಸುವ ಇಕ್ಕಳ) ತಗೊಳ್ಳಿ, ಏರ್‌ಬ್ರಷ್ ಎಲ್ಲಿಗೂ ಓಡಿಹೋಗಲ್ಲ.

ಪ್ರಶ್ನೆ: ಗೆರೆಗೆ ಎನಾಮಲ್ ಇಂಕ್ ಬಿಟ್ಟೆ. ಮರುದಿನ ಮೊಣಕಾಲಿನ ಕೀಲು ಸೀಳಿತ್ತು. ಹಾರ್ಡ್‌ವೇರ್ ಅಂಗಡಿಯ ಥಿನ್ನರ್‌ನಲ್ಲಿ ಒರೆಸಿದೆ, ಎದೆಯ ಭಾಗ ಕರಗಿ ಅಂಟಂಟಾಯ್ತು. ಹೊಸಾದು ತರಬೇಕಾ?
(ಕೊಪ್ಪಳದ ಓದುಗರು)

ಉತ್ತರ: ಕರಗಿದ್ದು ಮುಟ್ಟಬೇಡಿ. ಕೆಲವು ದಿನ ಪೂರ್ತಿ ಗಟ್ಟಿಯಾಗಲು ಬಿಟ್ಟು, ಆಮೇಲೆ ಉಜ್ಜಿದರೆ ಸ್ವಲ್ಪ ಮಟ್ಟಿಗೆ ಸರಿಹೋಗುತ್ತೆ. ಎದೆಯಲ್ಲಿರೋ ಸಣ್ಣ ಗೆರೆಗಳು ಮಾತ್ರ ವಾಪಸ್ ಬರಲ್ಲ.

ಕಾರಣ ತಿಳಿದುಕೊಳ್ಳಿ. ಕಿಟ್‌ನ ಹೊರಮೈ ಬಹುಪಾಲು ಪಾಲಿಸ್ಟೈರೀನ್. ಅಂಗಡಿಯ ಎನ್.ಸಿ. (ನೈಟ್ರೋಸೆಲ್ಯುಲೋಸ್ ಬಣ್ಣದ) ಥಿನ್ನರ್, ನೇಲ್ ಪಾಲಿಶ್ ರಿಮೂವರ್‌ನ ಅಸಿಟೋನ್ ಎರಡೂ ಇದನ್ನು ಕರಗಿಸುತ್ತವೆ. ಕೀಲಿನದು ಬೇರೆ ಕಥೆ. ಎನಾಮಲ್ ಥಿನ್ನರ್ ಪ್ಲಾಸ್ಟಿಕ್ ಕರಗಿಸಲ್ಲ, ಆದರೆ ಬಿಗಿಯಾಗಿ ಕೂತಿರುವ ಜಾಗಕ್ಕೆ, ಅಂದರೆ ಪ್ಲಾಸ್ಟಿಕ್ ಎಳೆತದಲ್ಲಿರುವ ಜಾಗಕ್ಕೆ ಇಳಿದರೆ ಅಲ್ಲಿ ಸೀಳು ಬಿಡಿಸುತ್ತೆ. ಎಬಿಎಸ್ ಅನ್ನೋ ಇನ್ನೊಂದು ಪ್ಲಾಸ್ಟಿಕ್‌ನ ಕೀಲುಗಳು ಈ ವಿಷಯದಲ್ಲಿ ಇನ್ನೂ ನಾಜೂಕು. ಹಾಗಾಗಿ ಎನಾಮಲ್ ಗೆರೆಯನ್ನು ಭಾಗಗಳನ್ನು ಬಿಡಿಸಿಟ್ಟುಕೊಂಡೇ ತುಂಬಬೇಕು, ಅದೂ ಕೆಳಗೆ ಒಂದು ಗ್ಲಾಸಿ ಕೋಟ್ (ಹೊಳಪಿನ ಲೇಪ) ಹೊಡೆದ ಮೇಲೆ. ಕೀಲಿಗೆ ಬೂದು ಬಣ್ಣದ ತೆಳು ಪೆನ್ನು ಸಾಕು. ಯಾವ ಭಾಗ ಯಾವ ಪ್ಲಾಸ್ಟಿಕ್ ಅಂತ ಚೌಕಟ್ಟಿನ ಮೇಲೇ ಇಂಗ್ಲಿಷಿನಲ್ಲಿ ಪಿಎಸ್ (ಪಾಲಿಸ್ಟೈರೀನ್), ಎಬಿಎಸ್, ಪಿಇ (ಪಾಲಿಎಥಿಲೀನ್) ಅಂತ ಅಚ್ಚಾಗಿರುತ್ತೆ. ಖಾಲಿ ಚೌಕಟ್ಟನ್ನು ಎಸೆಯಬೇಡಿ, ಹೊಸ ಬಣ್ಣ, ಹೊಸ ಥಿನ್ನರ್ ಏನೇ ಬಂದರೂ ಮೊದಲು ಅದರ ಮೇಲೆ ನೋಡಿ.

ನೀವು ಪ್ರೈಮರ್ (ಬಣ್ಣಕ್ಕೆ ಮುಂಚಿನ ತಳದ ಲೇಪ) ಬೇಕಾ ಅಂತಲೂ ಕೇಳಿದ್ದೀರಿ. ಕೊಪ್ಪಳದವರು ಇದನ್ನ ಕೇಳಬಾರದು! ನಿಮ್ಮ ಪಕ್ಕದ ಕಿನ್ನಾಳದಲ್ಲಿ ಗೊಂಬೆ ಮಾಡೋರು ಮರದ ಮೇಲೆ ನೇರವಾಗಿ ಬಣ್ಣ ಬಳಿಯಲ್ಲ. ಹುಣಸೆ ಬೀಜದ ಅಂಟು ಬಳಸಿ ಮೈ ಸಮ ಮಾಡಿ, ತಳಕ್ಕೊಂದು ಲೇಪ ಕೊಟ್ಟು, ಆಮೇಲೆ ಬಣ್ಣಕ್ಕೆ ಕೈ ಹಾಕುತ್ತಾರೆ. ಇಲ್ಲೂ ಅದೇ ಲೆಕ್ಕ. ಬೂದು ಪ್ರೈಮರ್ ಹೊಡೆದರೆ ಬಣ್ಣ ಹಿಡಿಯುತ್ತೆ, ಉಳಿದ ಗೀರುಗಳೂ ಎದ್ದು ಕಾಣುತ್ತವೆ, ಬಣ್ಣಕ್ಕೆ ಮುಂಚೆಯೇ ಸರಿಮಾಡಿಕೊಳ್ಳಬಹುದು. ಹಳದಿ, ಕೆಂಪು ಹೊಡೆಯೋದಾದರೆ ಬಿಳಿ ಅಥವಾ ಗುಲಾಬಿ ತಳ ಕೊಡಿ, ಇಲ್ಲದಿದ್ದರೆ ಬಣ್ಣ ಮಂಕಾಗುತ್ತೆ.

ಪ್ರಶ್ನೆ: ಧೂಳು ತಡೆಯೋಕೆ ಬಾತ್‌ರೂಮ್‌ನಲ್ಲಿ ಬಾಗಿಲು ಹಾಕಿಕೊಂಡು ಸ್ಪ್ರೇ ಮಾಡಬಹುದಾ?
(ರಾಯಚೂರಿನ ಓದುಗರು)

ಉತ್ತರ: ಗ್ಯಾಸ್ ಗೀಸರ್ ಇದೆಯಾ? ಇದ್ದರೆ ಖಂಡಿತ ಬೇಡ. ಥಿನ್ನರ್ ಹಬೆಗೆ ಬೆಂಕಿ ಹತ್ತೋಕೆ ಪೈಲಟ್ ಜ್ವಾಲೆ ಸಾಕು. ಗೀಸರ್ ಇಲ್ಲದಿದ್ದರೂ ಮುಚ್ಚಿದ ಕೋಣೆಯಲ್ಲಿ ಆ ಹಬೆ ಕುಡಿಯಬೇಡಿ. ಬಟ್ಟೆ ಮಾಸ್ಕ್ ಅದನ್ನು ತಡೆಯಲ್ಲ, ರಾಸಾಯನಿಕ ಹಬೆ ಹೀರುವ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ವರಾಂಡದಲ್ಲಿ ನೆಲಕ್ಕೆ ನೀರು ಚಿಮುಕಿಸಿ, ಧೂಳು ಕೂತ ಮೇಲೆ ಹೊಡೆಯಿರಿ, ತಕ್ಷಣ ರಟ್ಟಿನ ಡಬ್ಬಿ ಬೋರಲು ಹಾಕಿ ಮುಚ್ಚಿ. ಭಾಗಗಳನ್ನು ಬಿದಿರು ಕಡ್ಡಿಗೆ ಕ್ಲಿಪ್ ಹಾಕಿ ಮರಳು ತುಂಬಿದ ಬಕೆಟ್‌ನಲ್ಲಿ ಚುಚ್ಚಿಡಿ. ಜೋಳದ ಡಬ್ಬಿಯಲ್ಲಿ ಚುಚ್ಚಬೇಡಿ, ಆಮೇಲೆ ಮನೆಯಲ್ಲಿ ಯಾರೂ ರೊಟ್ಟಿ ತಿನ್ನಲ್ಲ.

ಕೂಲರ್ ಎದುರು ಒಣಗಿಸೋದು ಇನ್ನೊಂದು ತಪ್ಪು ಅಭ್ಯಾಸ. ಅದು ತೇವದ ಗಾಳಿ. ತೇವ ಜಾಸ್ತಿ ಇದ್ದರೆ ಲ್ಯಾಕರ್ (ಥಿನ್ನರ್ ಆಧಾರದ, ಬೇಗ ಒಣಗುವ ಬಣ್ಣ) ಮೇಲೆ ಬಿಳಿ ಮಂಜು ಕೂರುತ್ತೆ, ಮಳೆಗಾಲದಲ್ಲೂ ಹಾಗೇ. ಭಾಗಗಳನ್ನು ತೊಳೆಯೋಕೆ ಪಾತ್ರೆ ಸೋಪು ಪರವಾಗಿಲ್ಲ, ಆದರೆ ಗಡಸು ಬೋರ್ ನೀರಾದರೆ ಒಣಗಿದ ಮೇಲೆ ಬಿಳಿ ಚುಕ್ಕೆ ಉಳಿಸುತ್ತೆ. ಬಟ್ಟೆಯಿಂದ ಒರೆಸಿಬಿಡಿ. ನೀರಲ್ಲಿ ನೆನೆಸಿ ಅಂಟಿಸುವ ವಾಟರ್ ಡೀಕಲ್‌ಗೆ ಫಿಲ್ಟರ್ ನೀರೇ ಬಳಸಿ.

ಪ್ರಶ್ನೆ: ಮಗನಿಗೆ 11 ವರ್ಷ. ಬಣ್ಣದ ಹುಚ್ಚು. ಯಾವುದು ಕೊಡಿಸಲಿ?
(ಹಗರಿಬೊಮ್ಮನಹಳ್ಳಿಯಿಂದ ಬಳ್ಳಾರಿಗೆ ಬಂದು ನೆಲೆಸಿರುವ ಅಮ್ಮ)

ಉತ್ತರ: ನೀರಲ್ಲಿ ತೊಳೆಯಬಹುದಾದ ಅಕ್ರಿಲಿಕ್ ಬಣ್ಣ, ಎರಡು ತೆಳು ಬ್ರಷ್. ಸ್ಪ್ರೇ, ಲ್ಯಾಕರ್ ಈಗಲೇ ಬೇಡ. ಹೊರಮೈಗೆ ಕೈ ಹಾಕದೆ ಕಣ್ಣು, ಬಂದೂಕು, ಬೆನ್ನಿನ ಸಣ್ಣ ಭಾಗಗಳಿಂದ ಶುರು ಮಾಡಲಿ. ಬಣ್ಣಕ್ಕೆ ಸ್ವಲ್ಪ ನೀರು ಬೆರೆಸಿ ತೆಳ್ಳಗೆ ಹಚ್ಚೋದು ತೋರಿಸಿಕೊಡಿ, ಮೊದಲ ಪದರ ಪೂರ್ತಿ ಒಣಗೋ ತನಕ ಎರಡನೆಯದು ಹಚ್ಚೋದು ಬೇಡ. ಬ್ಲೇಡ್ ಮಾತ್ರ ನಿಮ್ಮ ಕೈಯಲ್ಲೇ ಇರಲಿ.