ರೇಡಿಯೋಗೆ ದಿನಾ ಫೋನ್ ಮಾಡುತ್ತಿದ್ದ ಕಾಕಾ

ನಿಮ್ಮ ಪ್ರಶ್ನೆ ಹೀಗಿದೆ: ಲೋಕಲ್ ರೇಡಿಯೋದ ಫೋನ್-ಇನ್ ಕಾರ್ಯಕ್ರಮಕ್ಕೆ ಕೆಲವರು ದಿನಾ ಕರೆ ಮಾಡುತ್ತಾರಲ್ಲ, ಯಾಕೆ? ಅಂಥವರು ಯಾರಾದರೂ ನಿಮಗೆ ನೆನಪಿದ್ದಾರಾ? ಅವರಿಂದ ಬೇರೆಯವರಿಗೆ ಲೈನ್ ಸಿಗದೆ ತೊಂದರೆ ಆಗಲ್ವಾ?

ನನಗೆ ಒಬ್ಬರು ನೆನಪಿದ್ದಾರೆ. ಅವರ ಮುಖ ನಾನು ಯಾವತ್ತೂ ನೋಡಿಲ್ಲ. ದನಿ ಮಾತ್ರ ಈಗಲೂ ಕಿವಿಯಲ್ಲಿದೆ.

2009ರಿಂದ ನಾಲ್ಕು ವರ್ಷ ನಾನು ಗೋವಾದ ಒಂದು ಎಫ್‌ಎಂ ಕೇಂದ್ರದಲ್ಲಿದ್ದೆ. ಮೈಕ್ ಮುಂದೆ ಅಲ್ಲ. ಸ್ಟುಡಿಯೋದ ಗಾಜಿನ ಆಚೆ ಕೂತು ಫೋನ್ ಎತ್ತುವ ಕೆಲಸ. ಕರೆ ಮಾಡಿದವರ ಹೆಸರು, ಊರು, ಬೇಕಾದ ಹಾಡು ಬರೆದುಕೊಳ್ಳಬೇಕು. ರೇಡಿಯೋ ಸಣ್ಣ ಮಾಡಿ ಎಂದು ಹೇಳಬೇಕು. ಇಲ್ಲದಿದ್ದರೆ ಅವರ ರೇಡಿಯೋದ ಸದ್ದು ಫೋನಿನೊಳಗೆ ಬಂದು, ಅದೇ ಮತ್ತೆ ರೇಡಿಯೋದಲ್ಲಿ ಹೋಗಿ ಕುಂಯ್ ಎನ್ನುತ್ತದೆ. ಆಮೇಲೆ ಲೈನನ್ನು ಒಳಗಿದ್ದ ಆರ್‌ಜೆಗೆ ಕೊಡಬೇಕು. ಸಂಜೆ ಆರಕ್ಕೆ ಶುರು. ಹಾಡು ಹೆಚ್ಚಾಗಿ ಕೊಂಕಣಿ ಮತ್ತು ಹಿಂದಿ.

ಕಾಕಾ ಮೊದಲ ಸಲ ಕರೆ ಮಾಡಿದ್ದು ಅಂಗಡಿಯೊಂದರಲ್ಲಿದ್ದ ಒಂದು ರೂಪಾಯಿ ಕಾಯಿನ್ ಫೋನಿನಿಂದ. ಕಾಯಿನ್ ಬಿದ್ದ ಸದ್ದು ಕೇಳಿತು. ಆಮೇಲೆ ತಡವರಿಸುವ ಕೊಂಕಣಿ. "ಮ್ಹಾಕಾ ಎಕ್ ಗೀತ್ ಜಾಯ್." ನನಗೊಂದು ಹಾಡು ಬೇಕು ಅಂತ. ಆ ಕೊಂಕಣಿಯ ಎಳೆತ ಕೇಳಿದ ಕೂಡಲೇ ನನಗೆ ಗೊತ್ತಾಯಿತು. ನಮ್ಮ ಅಪ್ಪ ಹುಬ್ಬಳ್ಳಿಯವರು, ರೈಲ್ವೆ ಕೆಲಸಕ್ಕೆ ವಾಸ್ಕೋಗೆ ಬಂದವರು. ಅವರ ಕೊಂಕಣಿಯೂ ಹಾಗೇ ಇತ್ತು.

"ಯಾವೂರ್ರಿ ಕಾಕಾ ನಿಮ್ದು?" ಎಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಪೀಂ ಪೀಂ ಎಂದಿತು, ಇನ್ನೊಂದು ಕಾಯಿನ್ ಬಿತ್ತು. "ನೀ ನಮ್ ಕಡೀಕಿ ಏನವಾ?" ಎಂದರು. "ಬೀಳಗಿ ತಾಲೂಕು ನಂದು. ಮುಳುಗಡಿ ಊರು. ಈಗ ಊರಿಲ್ಲ, ನೀರೈತಿ."

ಬಾಗಲಕೋಟೆ ಕಡೆಯವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ಆಲಮಟ್ಟಿಯಲ್ಲಿ ಕೃಷ್ಣೆಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರು ಬಂದು ಎಷ್ಟೋ ಹಳ್ಳಿಗಳು ಮುಳುಗಿದವು. ಹಳೇ ಬಾಗಲಕೋಟೆಯ ತಗ್ಗಿನ ಓಣಿಗಳೂ ಹೋದವು, ಅಲ್ಲಿಯವರಿಗಾಗಿ ನವನಗರ ಕಟ್ಟಿದರು. ಹಳ್ಳಿಯವರನ್ನು ಪುನರ್ವಸತಿ ಕೇಂದ್ರಗಳಿಗೆ ಕಳಿಸಿದರು. ಕಾಕಾನ ಹೊಲದ ಪರಿಹಾರದ ದುಡ್ಡು ಹಳೇ ಸಾಲಕ್ಕೆ ಹೋಯಿತು. ಅವರು ಗೋವಾಕ್ಕೆ ಬಂದು ಜುವಾರಿ ನದಿಯ ದಂಡೆಯಲ್ಲಿ, ಕೊರ್ಟಾಲಿಂ ಹತ್ತಿರದ ಒಂದು ಬಾರ್ಜ್ ರಿಪೇರಿ ಯಾರ್ಡಿನಲ್ಲಿ ವಾಚ್‌ಮನ್ ಆದರು. ಆಗ ಗಣಿಯ ಅದಿರು ತುಂಬಿಕೊಂಡು ಬಾರ್ಜ್‌ಗಳು ಹಗಲೂ ರಾತ್ರಿ ಮುರ್ಮಗೋವಾ ಬಂದರಿಗೆ ಹೋಗುತ್ತಿದ್ದವು. ಯಾರ್ಡಿಗೆ ಬಿಡುವೇ ಇರಲಿಲ್ಲ.

ದಿನಾ ಆರಕ್ಕೆ ಐದು ಹತ್ತು ನಿಮಿಷ ಆಚೀಚೆ ಅವರ ಫೋನ್. ಹಾಡಿನ ಬಗ್ಗೆ ಅವರಿಗೆ ಹಟವೇ ಇರಲಿಲ್ಲ. "ರಫಿದು ಯಾವುದಾರ ಒಂದು ಹಾಕ್ರಿ" ಎನ್ನುತ್ತಿದ್ದರು. ಆದರೆ ಹಾಡು ಯಾರಿಗಾಗಿ ಎಂದು ಕೇಳಿದರೆ ತಪ್ಪದೆ ಐದು ಜನರನ್ನು ಹೇಳುತ್ತಿದ್ದರು. ಬಡಿಗ್ಯಾರ ಅಣ್ಣ, ಗಿರಣಿ ಮನಿ ಅವ್ವ, ಹೂಗಾರ ತಂಗಿ, ಹೀಗೆ. ಮರುದಿನ ಬೇರೆ ಐದು. ಕೊಂಕಣಿ ಕಾರ್ಯಕ್ರಮದ ನಡುವೆ ಈ ಹೆಸರುಗಳು ಬರುವುದು ನನಗೆ ಎಷ್ಟು ಖುಷಿ ಕೊಡುತ್ತಿತ್ತು ಅಂತ ಹೇಳಲಾರೆ. ನಮ್ಮ ಆರ್‌ಜೆ ಮಡಗಾಂವ್ ಹುಡುಗ, ಕನ್ನಡ ಒಂದಕ್ಷರ ಬಾರದು. ಅವನೂ "ಕಾಕಾ, ಆರಾಮ ಅದೀರಿ?" ಅನ್ನುವುದನ್ನು ಕಲಿತ.

ಒಂದು ದಿನ ಕಾಕಾ ಗಾಬರಿಯಾದವರ ಹಾಗೆ ಫೋನ್ ಮಾಡಿದರು. "ಯವ್ವಾ, ನಿನ್ನೆ ತಪ್ಪಾತು. ಕಂಬಾರ ಕಾಕಾನ ಮನಿ ಬಿಟ್ಟೇನಿ. ಅದು ಗಿರಣಿ ಆದ ಮ್ಯಾಲ ಬರ್ತೈತಿ, ಹೂಗಾರ್ ಮನೀಗಿಂತ ಮೊದಲ."

ಆಗ ನನಗೆ ಹೊಳೆಯಿತು. ಅವರು ಮನಸ್ಸಿಗೆ ಬಂದ ಹೆಸರು ಹೇಳುತ್ತಿರಲಿಲ್ಲ. ಅಗಸಿ ಬಾಗಿಲಿನಿಂದ ಹೊಳೆ ದಂಡೆಯವರೆಗೆ ಊರ ಓಣಿಯ ಮನೆಗಳನ್ನು ಒಂದಾದ ಮೇಲೊಂದು ಹೇಳುತ್ತಾ ಹೋಗುತ್ತಿದ್ದರು. ಎಡಗಡೆ ಸಾಲು ಮುಗಿದರೆ ಬಲಗಡೆ. ಎರಡೂ ಮುಗಿದರೆ ಮತ್ತೆ ಅಗಸಿಯಿಂದ.

ನಾನು ಹೇಳಿಯೇ ಬಿಟ್ಟೆ. "ಕಾಕಾ, ಇವರಿಗ್ಯಾರಿಗೂ ಇದು ಕೇಳಂಗಿಲ್ರಿ. ನಮ್ ರೇಡಿಯೋ ಘಟ್ಟ ದಾಟಂಗಿಲ್ಲ." ಅದು ನಿಜ. ಎಫ್‌ಎಂ ಅಲೆ ಹೆಚ್ಚುಕಡಿಮೆ ನೇರವಾಗಿ ಹೋಗುತ್ತದೆ, ಅಡ್ಡ ಗುಡ್ಡ ಬಂದರೆ ಅಲ್ಲಿಗೆ ಮುಗಿಯಿತು. ಮೀಡಿಯಂ ವೇವ್ ಹಾಗಲ್ಲ, ನೆಲ ಹಿಡಿದು ದೂರ ಬರುತ್ತದೆ. ಅದಕ್ಕೇ ನಮ್ಮ ಮನೆಯಲ್ಲಿ ವಾಸ್ಕೋದಲ್ಲೇ ಕೂತು ಧಾರವಾಡ ಆಕಾಶವಾಣಿ ಕೇಳುತ್ತಿದ್ದೆವು. ಮುಳ್ಳನ್ನು 765ಕ್ಕೆ ತಂದು ರೇಡಿಯೋವನ್ನು ಕಿಟಕಿ ಕಡೆ ತಿರುಗಿಸಿ ಇಟ್ಟರೆ ಸಾಕಿತ್ತು. ಧಾರವಾಡದ ಮಾತು ನಮಗೆ ಬರುತ್ತಿತ್ತು. ನಮ್ಮ ಎಫ್‌ಎಂ ಮಾತು ಆ ಕಡೆ ಹೋಗುತ್ತಿರಲಿಲ್ಲ.

"ಗೊತ್ತೈತವಾ" ಎಂದರು ಕಾಕಾ. "ಅವರಿಗೆ ಕೇಳ್ಲಿ ಅಂತ ಅಲ್ಲ. ಒಬ್ಬನ ಕುಂತು ಹೇಳ್ಕೊಂಡ್ರ ನಡಬರಕ ಮರೀತೇನಿ. ನಿಮ್ಮುಂದ ಹೇಳಬೇಕು ಅಂದ್ರ ಮರ್ಯಾಂಗಿಲ್ಲ."

ನಿಮ್ಮ 'ಯಾಕೆ'ಗೆ ನನ್ನ ಹತ್ತಿರ ಇರುವ ಉತ್ತರ ಇದೊಂದೇ. ಎಲ್ಲರದ್ದೂ ಇದೇ ಕಾರಣ ಅಂತ ನಾನು ಹೇಳುವುದಿಲ್ಲ. ರೇಡಿಯೋದಲ್ಲಿ ತನ್ನ ಹೆಸರು ಬರಲಿ ಅನ್ನುವ ಆಸೆ ಹಳೆಯದು. ಈಗ ಜಾರ್ಖಂಡದಲ್ಲಿರುವ ಝುಮ್ರಿ ತಿಲೈಯಾ ಅನ್ನುವ ಸಣ್ಣ ಊರು ಹೆಸರಾಗಿದ್ದೇ ಅದರಿಂದ. ರೇಡಿಯೋ ಸಿಲೋನ್‌ಗೂ, 1957ರಲ್ಲಿ ಶುರುವಾದ ವಿವಿಧ ಭಾರತಿಗೂ ಅಲ್ಲಿಂದ ಹಾಡು ಕೋರಿ ಕಾರ್ಡಿನ ಮೇಲೆ ಕಾರ್ಡು ಬರುತ್ತಿದ್ದವು. ಫೋನ್ ಬಂದ ಮೇಲೆ ಹೆಸರಿನ ಜೊತೆ ದನಿಯೂ ಬಂತು. ಆದರೆ ಕಾಕಾ ಒಂದು ಸಲವೂ ತಮ್ಮ ಹೆಸರು ಹೇಳಲಿಲ್ಲ. "ಕಾಕಾ ಅಂತ ಬರಕೋ, ಸಾಕು" ಎನ್ನುತ್ತಿದ್ದರು.

ಇನ್ನು ತೊಂದರೆಯ ಮಾತು. ಹೌದು, ತೊಂದರೆ ಆಗುತ್ತಿತ್ತು. ನಮಗೆ ಇದ್ದದ್ದು ಎರಡೇ ಲೈನ್. ಲೈನ್ ಸಿಗದವರು ದೂರು ಕೊಟ್ಟರು. ಒಬ್ಬರಂತೂ "ಆ ಘಾಂಟಿಯನ್ನು ದಿನಾ ಯಾಕೆ ತಗೊಳ್ತೀರಿ" ಎಂದು ನನ್ನನ್ನೇ ಕೇಳಿದರು. ಘಟ್ಟದ ಮೇಲಿನವರನ್ನು ಗೋವಾದಲ್ಲಿ ಹಳಿಯುವ ಮಾತು ಅದು. ಶಾಲೆಯಲ್ಲಿ ನಾನೂ ಕೇಳಿದ್ದೆ. ಅವತ್ತು ಊಟ ಸೇರಲಿಲ್ಲ. ಅದೇ ವಾರ ಒಬ್ಬರಿಗೆ ವಾರಕ್ಕೆ ಒಂದೇ ಕರೆ ಎಂದು ಮೇಲಿನವರು ನಿಯಮ ಮಾಡಿದರು. ನಿಯಮ ಸರಿಯೇ ಇತ್ತು, ಅದನ್ನು ಒಪ್ಪುತ್ತೇನೆ. ಕಾಕಾಗೆ ಹೇಳುವುದು ಮಾತ್ರ ನನ್ನ ಪಾಲಿಗೆ ಬಂತು.

"ಆತು ತೊಗೊ, ಶುಕ್ರವಾರ ಮಾಡ್ತೇನಿ" ಎಂದರು. ಒಂದು ಬೇಜಾರಿನ ಮಾತಿಲ್ಲ.

ಮರುದಿನ ಆರಕ್ಕೆ ಕಾಲು ಗಂಟೆ ಇರುವಾಗ, ಕಾರ್ಯಕ್ರಮ ಶುರುವಾಗುವ ಮೊದಲೇ, ಮತ್ತೆ ಕಾಯಿನ್ ಸದ್ದು. "ಹಾಡು ಬ್ಯಾಡವ್ವಾ. ಲೈನ್ ಹಿಡ್ಯಂಗಿಲ್ಲ. ಇವತ್ತಿನ ಐದು ಹೆಸರ ಬರಕೋ ಅಷ್ಟ."

ಬರೆದುಕೊಂಡೆ. ರಿಜಿಸ್ಟರಿನ ಹಿಂದಿನ ಹಾಳೆಗಳಲ್ಲಿ ದಿನಾ ಐದೈದು. ಮನೆಯ ಜೊತೆಗೆ ಬೇರೆ ಸಂಗತಿಯೂ ಬರುತ್ತಿತ್ತು. ಇವರ ಮನೆ ಮುಂದೆ ಬೇವಿನ ಗಿಡ, ಇವರ ಕಟ್ಟೆ ಮೇಲೆ ಗಂಡಸರು ಕೂಡುವ ಜಾಗ, ಇವರ ಬಾವಿ ನೀರು ಸಪ್ಪಗೆ. ಒಂದು ರೂಪಾಯಿಯಲ್ಲಿ ಎಷ್ಟು ಹಿಡಿಸುತ್ತದೋ ಅಷ್ಟು. ಆ ಹೊತ್ತಿಗೆ ಅಂಗಡಿಯವರು ರೇಡಿಯೋ ತಾವಾಗಿಯೇ ಸಣ್ಣ ಮಾಡುತ್ತಿದ್ದರು, ನನಗೆ ಗೊತ್ತಾಗುತ್ತಿತ್ತು.

2012ರ ಸೆಪ್ಟೆಂಬರಿನಲ್ಲಿ ಗೋವಾ ಸರ್ಕಾರ ಗಣಿ ಕೆಲಸ ನಿಲ್ಲಿಸಿತು. ಅಕ್ಟೋಬರ್ 5ಕ್ಕೆ ಸುಪ್ರೀಂ ಕೋರ್ಟೂ ನಿಲ್ಲಿಸಿತು. ಗಣಿಯಲ್ಲಿ ನಡೆದ ಅಕ್ರಮ ಸಣ್ಣದಲ್ಲ. ಆದರೆ ಲಾರಿ, ಬಾರ್ಜ್, ಗ್ಯಾರೇಜು, ಚಹಾದಂಗಡಿ ಎಲ್ಲ ಒಟ್ಟಿಗೆ ನಿಂತವು. ಬಾರ್ಜ್‌ಗಳು ನದಿಯಲ್ಲಿ ಕಟ್ಟಿದಲ್ಲೇ ತುಕ್ಕು ಹಿಡಿದವು. ನಮ್ಮ ಕಡೆಯ ಎಷ್ಟೋ ಮಂದಿ ಗಂಟು ಕಟ್ಟಿಕೊಂಡು ವಾಸ್ಕೋದಿಂದ ರೈಲು ಹತ್ತಿದರು.

ನವೆಂಬರಿನ ಒಂದು ದಿನ ಕಾಯಿನ್ ಸದ್ದು ಬರಲಿಲ್ಲ. ಮರುದಿನವೂ ಇಲ್ಲ. ನಾನು ಆರಕ್ಕೆ ಕಾಲು ಗಂಟೆ ಇರುವಾಗ ಸುಮ್ನೆ ಪೆನ್ನು ತೆಗೆದು ಕೂರುತ್ತಿದ್ದೆ. ಎರಡು ವಾರ ಆದ ಮೇಲೆ ಕೇಳುಗರೇ ವಿಚಾರಿಸತೊಡಗಿದರು. ಮಡಗಾಂವಿನ ಒಬ್ಬ ಟ್ಯಾಕ್ಸಿ ಡ್ರೈವರ್ ಹಾಡೇ ಕೇಳಲಿಲ್ಲ, "ಕಾಕಾ ಖಂಯ್ ಗೆಲೊ?" ಎಂದಷ್ಟೇ ಕೇಳಿದ. ಕಾಕಾ ಎಲ್ಲಿ ಹೋದರು ಅಂತ. ಏನು ಹೇಳಲಿ? ಆ ಅಂಗಡಿಯ ನಂಬರ್ ನನ್ನ ಬಳಿ ಇರಲಿಲ್ಲ. ಎಲ್ಲ ಬರೆದುಕೊಂಡೆ, ಅದನ್ನೊಂದು ಬರೆದುಕೊಂಡಿರಲಿಲ್ಲ. ಅದು ನನಗೆ ಇವತ್ತಿಗೂ ಚುಚ್ಚುತ್ತದೆ.

2013ರ ಬೇಸಿಗೆಯಲ್ಲಿ ಒಂದು ಶುಕ್ರವಾರ, ಕಾರ್ಯಕ್ರಮ ನಡೆಯುತ್ತಿರುವಾಗಲೇ, ಮೊಬೈಲಿನಿಂದ ಕರೆ ಬಂತು. ಕಾಯಿನ್ ಸದ್ದಿಲ್ಲ. ಹಿಂದೆ ಮೇಕೆ ಕೂಗುತ್ತಿತ್ತು. "ಯವ್ವಾ, ಶುಕ್ರವಾರ ಅಲ್ಲನ ಇವತ್ತು?"

ಮಗಳ ಮನೆಯಲ್ಲಿದ್ದೇನೆ, ಪುನರ್ವಸತಿ ಕೇಂದ್ರದಲ್ಲಿ, ಎಂದರು. ಓಣಿಯವರು ಸಿಕ್ಕರಾ ಎಂದು ಕೇಳಿದೆ. ಒಬ್ಬೊಬ್ಬರು ಒಂದೊಂದು ಕೇಂದ್ರದಲ್ಲಿದ್ದಾರೆ, ಕೆಲವರು ಹೋಗಿಬಿಟ್ಟಿದ್ದಾರೆ ಎಂದರು. ಹಾಡು ಯಾರಿಗೆ ಬರೆಯಲಿ ಕಾಕಾ ಎಂದೆ.

"ಬರಕೋ. ಯಾರ್ಡ್ ಗೇಟಿನ ಬಿಹಾರಿ ಹುಡುಗ. ವೆಲ್ಡಿಂಗ್ ಶೆಡ್ಡಿನ ಮಿಸ್ತ್ರಿ. ಮೂಲಿ ಮ್ಯಾಲ ಮೀನಾ ಮಾರೋ ಬಾಯಿ. ಪಾವು ತರೋ ಪೊದೇರ್. ಆಮ್ಯಾಲ ಫೋನ್ ಅಂಗಡಿ ಅಣ್ಣ."

ಐದೂ ಬರೆದು ಒಳಗೆ ಕೊಟ್ಟೆ. ಆರ್‌ಜೆ ಅವನ್ನು ನಿಧಾನವಾಗಿ, ಒಂದೂ ತಪ್ಪದೆ ಓದಿದ. ಆಮೇಲೆ ರಫಿ ಹಾಡು ಹಾಕಿದ. "ಇಲ್ಲಿ ನಿಮ್ ರೇಡಿಯೋ ಹಿಡ್ಯಂಗಿಲ್ಲವ್ವಾ" ಎಂದರು ಕಾಕಾ. ನಾನು ರಿಸೀವರ್ ಎತ್ತಿ ಸ್ಪೀಕರ್ ಹತ್ತಿರ ಹಿಡಿದು ನಿಂತೆ. ಇನ್ನೊಂದು ಫೋನ್ ಹೊಡೆದುಕೊಳ್ಳುತ್ತಲೇ ಇತ್ತು, ಎತ್ತಲಿಲ್ಲ. ಎರಡನೇ ಚರಣದ ಹೊತ್ತಿಗೆ ಲೈನ್ ಕಟ್ ಆಯಿತು. ಕರೆನ್ಸಿ ಮುಗಿದಿರಬೇಕು.